ದ್ರಾಕ್ಷಾಯಣಮ್ಮನ ಮಾತ್ರೆ ತಪಾಸಣೆ

ದೇವೀರಪ್ಪ ಅಂಗೈ ತುಂಬ ಮಾತ್ರೆ ಹಿಡಿದು "ಒಂದು ಲೋಟ ನೀರು ಕೊಡವ್ವಾ" ಎಂದಾಗ ತನುಜಾ ಅತ್ತೆಯ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಗೋಡೆಗೆ ಒರಗಿಸಿ ಕೂರಿಸಿದ್ದ ದ್ರಾಕ್ಷಾಯಣಮ್ಮ ಸತ್ತ ಮೇಲೂ ಬಂದವರನ್ನೆಲ್ಲ ವಿಚಾರಿಸಿಕೊಳ್ಳುವವರಂತೆ ಕಾಣುತ್ತಿದ್ದರು. ಊರಿನವರ ಮಾತ್ರೆಗಳನ್ನೆಲ್ಲ ಕೆದಕಿದ ಆಕೆ, ತಾವು ಮಾತ್ರ ಒಂದನ್ನೂ ನುಂಗದೆ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ.

ದೇವೀರಪ್ಪ ಆಕೆಯ ತಮ್ಮ. ಹಾಸನದಲ್ಲಿ ಹರ್ನಿಯಾ ಆಪರೇಷನ್ ಆಗಿ ಮೊನ್ನೆ ತಾನೆ ಮನೆ ಸೇರಿದ್ದವರು, ಅಕ್ಕನ ಸುದ್ದಿ ಕೇಳಿ ಹೊಲಿಗೆ ಹಿಡಿದುಕೊಂಡೇ ಹಾನುಬಾಳಿನಿಂದ ಜೀಪು ಹತ್ತಿದ್ದರು.

"ಇಷ್ಟೊಂದಾ ಮಾವಾ?"

"ಹಳೇವು ನಾಕು, ಆಸ್ಪತ್ರೆಯೋರು ಕೊಟ್ಟಿದ್ದು ಐದು. ನಾನು ಯಾವ್ದೂ ಬಿಡೋನಲ್ಲ ಕಣವ್ವಾ. ಬೆಳಿಗ್ಗೇದು ಆಗೈತೆ, ಇದು ಮಧ್ಯಾಹ್ನದ್ದು."

*

ಮೂರು ವರ್ಷದ ಹಿಂದೆ ಅತ್ತೆಯ ಗಂಡ, ಮಾವ ವೀರಭದ್ರಯ್ಯನವರು ಸೊಂಟದ ಆಪರೇಷನ್ ಮುಗಿಸಿ ಬೆಳಗೋಡಿನ ಈ ಮನೆಗೆ ಬಂದಾಗ, ಹಳೆಯ ಮಾತ್ರೆಯ ಕವರಿದ್ದ ಮೊಳೆಗೇ ಅತ್ತೆ ಹೊಸ ಕವರನ್ನೂ ನೇತುಹಾಕಿದ್ದರು. ಎರಡರಲ್ಲೂ ಇದ್ದದ್ದು ರಕ್ತ ತೆಳುವಾಗಿಸುವ ಒಂದೇ ಔಷಧಿ. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಹತ್ತು ದಿನ ಎರಡನ್ನೂ ಭಕ್ತಿಯಿಂದ ನುಂಗಿಸಿದರು. ಹನ್ನೊಂದನೆಯ ದಿನ ಮಾವನ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ಮನುಷ್ಯ ಉಳಿದದ್ದು ಪುಣ್ಯ.

ಅಂದಿನಿಂದ ಬೀದಿಯಲ್ಲಿ ಯಾರು ಆಪರೇಷನ್ ಮಾಡಿಸಿಕೊಂಡು ಬಂದರೂ, ದೃಷ್ಟಿ ತೆಗೆಯುವ ಓಕುಳಿ ತಟ್ಟೆಯ ಜೊತೆ ಅತ್ತೆಯೂ ಹೊಸ್ತಿಲಲ್ಲಿ ಹಾಜರ್. "ಒಳಕ್ ಬರೋದು ಆಮೇಲೆ. ಹಳೇ ಮಾತ್ರೆ ತನ್ನಿ, ಹೊಸವೂ ತನ್ನಿ" ಎಂದು ಎಲ್ಲವನ್ನೂ ಮೊರಕ್ಕೆ ಸುರಿಸುವರು. ಇಂಗ್ಲಿಷ್ ಬಾರದು, "ದಪ್ಪಕ್ಷರ ಬ್ಯಾಡ, ಅದರ ಕೆಳಗೆ ಇರುವೆ ಸಾಲಿನಂಗೆ ಐತಲ್ಲ ಔಷಧಿ ಅಸಲಿ ಹೆಸ್ರು, ಅದನ್ನ ಓದು" ಎಂದು ತನುಜಾಗೆ ಅಪ್ಪಣೆ. ಒಂದೇ ಥರದ್ದು ಎರಡು ಕಂಡರೆ ಆಸ್ಪತ್ರೆಗೆ ಫೋನು. ನೆರೆಮನೆಯ ಪುಟ್ಟಸ್ವಾಮಿ ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ಅರ್ಧ ಗಂಟೆ ಬಾಗಿಲಲ್ಲೇ ನಿಂತು, "ನನ್ ಮನೆಯೊಳಕ್ಕೆ ನನ್ನ ಬಿಡ್ರವ್ವಾ" ಎಂದು ಗೋಗರೆದಿದ್ದ. ತನುಜಾಗೆ ನಾಚಿಕೆಯಿಂದ ಸಾಯುವಂತಾಗಿತ್ತು. ಈ ಕಾಟ ಯಾವಾಗ ತಪ್ಪೀತೋ ಎಂದು ಎಷ್ಟು ಸಲ ಗೊಣಗಿದ್ದಳೋ!

*

ಈಗ ತಪ್ಪಿತ್ತು. ನೀರು ತರಲು ಎದ್ದವಳು ದೇವೀರಪ್ಪನ ಕೈ ನಡುಗುವುದನ್ನು ಕಂಡಳು. ಹಣೆಯ ತುಂಬ ಬೆವರು.

"ಅದನ್ನ ನುಂಗ್ಬೇಡಿ ಮಾವಾ. ಎರಡೂ ಕವರ್ ಕೊಡಿ ಇಲ್ಲಿ."

ವಿಭೂತಿ ಮೆತ್ತಿದ ಕೈಯಲ್ಲೇ ಸಣ್ಣಕ್ಷರ ಓದಿದಳು. ಹಳೆಯ ಬಿಳಿ ಮಾತ್ರೆ, ಹೊಸ ನೀಲಿ ಮಾತ್ರೆ, ಎರಡೂ ಸಕ್ಕರೆ ಕಾಯಿಲೆಯ ಒಂದೇ ಔಷಧಿ. ಬೆಳಿಗ್ಗೆ ಎರಡೂ ಹೊಟ್ಟೆ ಸೇರಿವೆ. ಸಾವಿನ ಸುದ್ದಿಯಲ್ಲಿ ತಿಂಡಿ ಸೇರಿಲ್ಲ. ಈ ನಡುಕ, ಬೆವರು ಸಕ್ಕರೆ ಇಳಿದದ್ದಕ್ಕೇ ಇರಬೇಕು. ಆಸ್ಪತ್ರೆ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಮೊದ್ಲು ಸಕ್ಕರೆ ನೀರು ಕುಡಿಸಿ, ಆಮೇಲೆ ಹೊಟ್ಟೆಗೆ ಏನಾದ್ರೂ ಕೊಡಿ, ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ" ಎಂದರು ನರ್ಸ್. "ಹಳೇದು ನಿಲ್ಸಿ ಅಂತ ಹೇಳಿದ್ವಲ್ಲ!"

"ಯಾರಿಗೆ?"

"ಜೊತೇಲಿದ್ದೋರಿಗೆ. ಸೈನೂ ಹಾಕಿದಾರೆ."

ಎಲ್ಲರೂ, ಆಸ್ಪತ್ರೆಯಿಂದಲೂ ದೇವೀರಪ್ಪನನ್ನು ಕರೆತಂದಿದ್ದ ಜೀಪಿನ ರವಿಯತ್ತ ತಿರುಗಿದರು. "ಏನೋ ಹೇಳಿದ್ರು ಕಣಕ್ಕಾ," ಎಂದ ಅವನು, "ಗೇಟಲ್ಲಿ ಜೀಪ್ ತೆಗಿ ಅಂತ ಕೂಗಾಡ್ತಿದ್ರು. ತಲೆ ಆಡ್ಸಿ ಸೈನ್ ಹಾಕ್ಬುಟ್ಟೆ."

ಸಕ್ಕರೆ ನೀರು ಇಳಿಯಿತು. ಎದುರುಮನೆಯಿಂದ ಉಪ್ಪಿಟ್ಟಿನ ಡಬ್ಬಿಯೂ ಬಂತು.

"ಮಣ್ಣಾಗೋಕ್ ಮುಂಚೆ ಹೆಣದ ಮುಂದೆ ಉಪ್ಪಿಟ್ಟಾ? ಎಲ್ಲಾದ್ರೂ ಐತಾ ಮಾರಾಯ್ತಿ?" ಎಂದ ಪುಟ್ಟಸ್ವಾಮಿ.

ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ ವೀರಭದ್ರಯ್ಯ ತಲೆಯೆತ್ತಿದರು. "ಇವ್ಳು ಇದ್ದಿದ್ರೆ ತಾನೇ ಕೂತು ತಿನ್ಸೋಳು. ತಿನ್ಸು ಮಗಾ."

ಅದುವರೆಗೂ ಅಳದಿದ್ದ ತನುಜಾ ಆಗ ಬಿಕ್ಕಿ ಬಿಕ್ಕಿ ಅತ್ತಳು. ಆ ಕಾಟ ಇನ್ನೂ ಹತ್ತು ವರ್ಷ ಇರಬೇಕಿತ್ತು ಅನ್ನಿಸಿತು.

ರಕ್ತ ಪರೀಕ್ಷೆ ಮಾಡಿಸಬೇಕಿದ್ದ ಆರೋಗ್ಯ ಕೇಂದ್ರ, ಅತ್ತೆಯನ್ನು ಮಣ್ಣು ಮಾಡುವ ತೋಟದ ದಾರಿಯಲ್ಲೇ ಇತ್ತು. ಜಂಗಮ ಅಯ್ಯನವರು ಶಂಖ ಊದಿದರು. ಮುಂದೆ ಹೆಗಲ ಮೇಲಿನ ಹೂವಿನ ವಿಮಾನದಲ್ಲಿ ನೆಟ್ಟಗೆ ಕೂತ ದ್ರಾಕ್ಷಾಯಣಮ್ಮ. ಹಿಂದೆ ತೆವಳುತ್ತ ರವಿಯ ಜೀಪು, ಅದರ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ದೇವೀರಪ್ಪ. ಒಂದು ತುತ್ತು ನುಂಗುವರು, "ಅಕ್ಕಾ" ಎಂದು ಅಳುವರು, ಹಸಿಮೆಣಸಿನಕಾಯಿ ಆರಿಸಿ ಹೊರಗೆಸೆದು ಮತ್ತೊಂದು ತುತ್ತಿಗೆ ಕೈ ಹಾಕುವರು.