ಒಡಾರ್ಕೊರ್ ಬಿಡುಗಡೆ ಮಾಡದ ಸರಕು

ಶಾಮಿಯಾನದಡಿ ಕೂತವರ ಮೊಣಕಾಲುಗಳನ್ನು ಸರಿಸಿಕೊಂಡು ಮಾಮ್ಲೆ ಶವಪೆಟ್ಟಿಗೆಯತ್ತ ನುಗ್ಗಿದಳು.

“ಮುಖ ತೋರ್ಸಿ ಅವಳದ್ದು. ನನ್ನ ನಲವತ್ತು ಹೊಲಿಗೆ ಮಿಷನ್ನು ಯಾರಿಗೆ ಕೊಟ್ಟೆ ಅಂತ ಕೇಳ್ಬೇಕು.”

ಸತ್ತ ಒಡಾರ್ಕೊರ್‌ಳ ತಮ್ಮ ಅಯಿಟೆ ಅಡ್ಡ ನಿಂತ. “ಇವತ್ತೊಂದಿನ ಬಿಟ್ಬಿಡಕ್ಕಾ. ಮಣ್ಣಿಗೆ ಹೋಗ್ತಿದ್ದಾಳೆ.”

“ಹೊಲಿಗೆ ಕಲಿಯೋಕೆ ಬಂದ ಹುಡುಗೀರನ್ನ ಬಾಗಿಲಿಂದಲೇ ವಾಪಸ್ ಕಳ್ಸಿದೆನಲ್ಲ, ನನ್ನನ್ನ ಯಾರು ಬಿಟ್ರು?”

ಮೈಕಿನ ಮುಂದೆ ಹಡಗು ಏಜೆನ್ಸಿಯ ಮ್ಯಾನೇಜರ್ ಬ್ಲಾಂಕ್ಸನ್ ನಿಂತಿದ್ದ. ಸತ್ತವಳ ಬಗ್ಗೆ ನಾಲ್ಕು ಮಾತಾಡಲು ತಾನಾಗಿಯೇ ಬಂದಿದ್ದ. “ತಪ್ಪು ಎಲ್ಲರಿಂದಲೂ ಆಗುತ್ತೆ. ಒಡಾರ್ಕೊರ್ ಮಾಡಿದ್ದನ್ನೂ ನಾವು ಕ್ಷಮಿಸಿಬಿಡೋಣ,” ಎಂದ.

ಹೆಣ ಹೊರಲು ನಿಂತ ಆರು ಜನರಲ್ಲಿ ಕೊನೆಯವನು ಸೋವಾ. ಒಡಾರ್ಕೊರ್‌ಳ ಪಕ್ಕದ ಕುರ್ಚಿಯಲ್ಲೇ ಕೆಲಸ ಮಾಡಿ, ಹೋದ ತಿಂಗಳು ನಿವೃತ್ತನಾದವನು.

“ಅವಳು ಮಾಡ್ಲಿಲ್ಲ,” ಎಂದ. “ನಾನು ಅಲ್ಲೇ ಇದ್ದೆ.”

*

ಟೆಮಾ ಬಂದರಿನ ಆ ಕೌಂಟರಿನಲ್ಲಿ ಒಡಾರ್ಕೊರ್ ಕೂತದ್ದು ಇಪ್ಪತ್ತಾರು ವರ್ಷ. ಸರಕಿನ ಹಕ್ಕುಪತ್ರ ನೋಡಿ ಬಿಡುಗಡೆ ಕೊಡುವುದು ಕೆಲಸ. ದಲ್ಲಾಳಿಗಳು ತಂದ ತಂಪು ಪಾನೀಯವನ್ನೂ ಮುಟ್ಟದವಳು. ಹಕ್ಕುಪತ್ರ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಾಗ ಉಳಿದವರು ಗೊಣಗಿದರು. ಅವಳು ಹೊಸ ನಿಯಮಗಳನ್ನು ಮನೆಗೊಯ್ದು ಓದಿದಳು.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬ್ಲಾಂಕ್ಸನ್ ತನ್ನ ಸ್ನೇಹಿತನನ್ನು ಕರೆತಂದ. ಅವನ ಕೈಯಲ್ಲಿ ಮಾಮ್ಲೆಯ ಸರಕಿನ ಹಳೆಯ ಕಾಗದದ ಹಕ್ಕುಪತ್ರವಿತ್ತು.

“ಇದು ನಡೆಯಲ್ಲ ಸಾರ್. ಈ ಕಾಗದ ವಾಪಸ್ ತಗೊಂಡು ರದ್ದು ಮಾಡಿದ ಮೇಲೇ ಆಯಮ್ಮನಿಗೆ ಕಂಪ್ಯೂಟರ್ ಪತ್ರ ಕೊಟ್ಟಿದ್ದು. ಈಗ ಆ ಕಂಪ್ಯೂಟರ್ ಪತ್ರ ಯಾರ ಹಿಡಿತದಲ್ಲಿದೆಯೋ ಸರಕು ಅವರದ್ದೇ.”

“ಮೂಲ ಕಾಗದ ಕಣ್ಣೆದುರಿಗೇ ಇದೆಯಲ್ಲಮ್ಮ.”

“ಅದೇ ಕೇಳ್ತಿದೀನಿ. ನಿಮ್ಮ ಬೀರುವಿನಲ್ಲಿರಬೇಕಾದ್ದು ಇವರ ಕೈಗೆ ಹೇಗೆ ಬಂತು?”

ಬ್ಲಾಂಕ್ಸನ್ ನಕ್ಕ. ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ ಅವಳ ಕುರ್ಚಿಯಲ್ಲಿ ಕೂತು, ತೆರೆದೇ ಇದ್ದ ಅವಳ ಕಂಪ್ಯೂಟರ್ ಖಾತೆಯಿಂದ ಸ್ನೇಹಿತನಿಗೆ ಸರಕಿನ ಬಿಡುಗಡೆ ಕೊಟ್ಟ. ನೋಡುತ್ತಿದ್ದ ಸೋವಾನ ಭುಜ ತಟ್ಟಿ, “ನಿನಗಿನ್ನೂ ಆರು ವರ್ಷ ಸರ್ವೀಸ್ ಇದೆ, ಅಲ್ವಾ?” ಎಂದ.

ಕಂಪ್ಯೂಟರಿನಲ್ಲಿ ಉಳಿದದ್ದು ಒಡಾರ್ಕೊರ್‌ಳ ಹೆಸರು. ಕೆಲಸ ಹೋಯಿತು. ಬಂದರಿನ ಗೇಟಿನೆದುರು ಕೆಂಕೆ ಕಡುಬು, ಹುರಿದ ಮೀನು ಮಾರಲು ಕೂತಳು. “ಅಕ್ಕೋ, ಕೆಂಕೆ ಬಿಡುಗಡೆಗೂ ಕಾಗದ ತರ್ಬೇಕಾ?” ಎಂದು ಲಾರಿಯವರು ಅಣಕಿಸುತ್ತಿದ್ದರು. ಅವಳು ತಲೆಯೆತ್ತದೆ ಮೀನು ಮಗುಚುತ್ತಿದ್ದಳು. ಆ ಒಲೆಯ ಮುಂದೆಯೇ ಕುಸಿದಳು.

*

ಸೋವಾ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಬ್ಲಾಂಕ್ಸನ್ ಕಾರಿನತ್ತ ನಡೆದಿದ್ದ. ಗೇಟಿನೆದುರು ಒಡಾರ್ಕೊರ್‌ಳ ಜೊತೆ ಮೀನು ಮಾರುತ್ತಿದ್ದ ಹೆಂಗಸರು ಕಾರಿನ ಮುಂದೆ ಹೋಗಿ ನೆಲದಲ್ಲೇ ಕೂತರು. ಡ್ರೈವರ್ ಹಾರ್ನ್ ಒತ್ತಿದ. ಯಾರೂ ಏಳಲಿಲ್ಲ.

“ಮೂರು ಸಲ ನಮ್ಮನೆಗೆ ಬಂದಿದ್ಲು,” ಎಂದಳು ಮಾಮ್ಲೆ. “ಬಾಯಿ ತೆರೆಯೋಕೂ ಬಿಡ್ದೆ ಬಾಗಿಲು ಹಾಕ್ಕೊಂಡೆ.” ಸೋವಾನತ್ತ ತಿರುಗಿದಳು. “ಸೋಮವಾರ ಪೊಲೀಸರ ಹತ್ರ ಬಂದು ಇದನ್ನೇ ಹೇಳ್ತೀಯಾ?”

“ಹೇಳ್ತೀನಿ.”

“ಅವಳು ಬದುಕಿದ್ದಾಗ ಯಾಕೆ ಹೇಳ್ಲಿಲ್ಲ, ಹೇಡಿ!” ಎಂದಳು ಮಾಮ್ಲೆ.

ಸೋವಾ ಪೆಟ್ಟಿಗೆಯ ಹಿಂದಿನ ಮೂಲೆಗೆ ಕೈಹಾಕಿ ಬಗ್ಗಿದ. ಅಯಿಟೆ ಆ ಕೈಯನ್ನು ಕಿತ್ತು ತೆಗೆದ.

“ಆರು ವರ್ಷ ಅವಳ ಕೈಯ ಕೆಂಕೆ ತಿಂದೆ ಮಾವ. ಹೊರೋದು ಮಾತ್ರ ಬೇಡ.”

ಉಳಿದ ಐವರು ಎತ್ತಿದರು. ಬರಿದಾದ ಮೂಲೆ ಕೆಳಗೆ ವಾಲಿತು. ಮಾಮ್ಲೆ ಹೊದ್ದ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಅದರಡಿ ಹೆಗಲು ಕೊಟ್ಟಳು. ಅವಳು ಗಿಡ್ಡ ಹೆಂಗಸು, ಮೂಲೆ ಮೇಲೇರಲಿಲ್ಲ.

ಮುಂದಿದ್ದ ಅಯಿಟೆ ತಿರುಗಿ ನೋಡಿ ಮೊಣಕಾಲು ಮಡಿಚಿದ. ಆಮೇಲೆ ಉಳಿದ ನಾಲ್ವರೂ. ಐವರು ಎತ್ತರದ ಗಂಡಸರು ಅರ್ಧ ಕುಕ್ಕರಿಸಿ, ಅವಳ ಎತ್ತರಕ್ಕೆ ಪೆಟ್ಟಿಗೆ ಹಿಡಿದು, ಹಾರ್ನ್ ಹೊಡೆಯುತ್ತಲೇ ಇದ್ದ ಆ ಕಾರಿನ ಪಕ್ಕದಿಂದ ನಿಧಾನ ಹೆಜ್ಜೆಯಿಡುತ್ತ ಸಾಗಿದರು.