ಐದನೆಯ ಮಂಗಳವಾರ

"ಏ ರಾಯವ್ವಾ, ಒಳಗ ಸತ್ತೀ ಏನಬೇ? ಬಾಗ್ಲಾ ತಗಿ ಬೋಸಡಿ, ಬಸ್ಸ ಬಿಡೂ ಹೊತ್ತಾತು!"

ಹೊರಗೆ ಡ್ರೈವರನೊಬ್ಬ ತಗಡಿನ ಬಾಗಿಲು ಒದೆಯುತ್ತಿದ್ದ. ಒಳಗೆ ರಾಯವ್ವ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಕೊನೆಯ ಸಂಡಾಸನ್ನು ತಿಕ್ಕುತ್ತಿದ್ದಳು.

"ತಡಿಯೋ ಯಪ್ಪಾ, ನೀರ ಹಾಕಾಕತ್ತೇನಿ. ನಿನ್ನ ಪ್ಯಾಸೆಂಜರ ನಿನ್ನಿ ಏನ ತಿಂದಿದ್ರೋ, ಎರಡ ಬಕೀಟಿಗೂ ಬಗ್ಗವಲ್ತು."

ಆಷಾಢ. ಹಿಡಕಲ್ ಕಡೆಯ ಗಾಳಿಗೆ ಜಿಟಿಮಳೆ ನೆಟ್ಟಗೆ ಬೀಳದೆ ಅಡ್ಡಡ್ಡ ಹೊಡೆಯುತ್ತಿತ್ತು. ಹಿಂದಿನ ಕಬ್ಬಿನ ಹೊಲ ಆಳೆತ್ತರ ಬೆಳೆದು ಗೋಡೆಗೆ ಒರಗಿಕೊಂಡಿತ್ತು. ಗೋಕಾಕದಿಂದ ಹುಕ್ಕೇರಿಗೆ ಹೋಗುವ ಬಸ್ಸುಗಳೆಲ್ಲ ಕೆಂಚನಹಟ್ಟಿ ಕ್ರಾಸಿನ ಈ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ಹೋಗುತ್ತವೆ. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಏಳೂ ಅಂಗಡಿಗಳು ತೆರೆದು, ಗುರುಲಿಂಗಪ್ಪನ ಹೋಟೆಲಿನಿಂದ ಮಿರ್ಚಿಯ ಎಣ್ಣೆ ವಾಸನೆ ಬರಬೇಕಿತ್ತು. ಇವತ್ತು ಏಳೂ ಶಟರು ಕೆಳಗಿದ್ದವು.

ಊರದೇವತೆ ದ್ಯಾಮವ್ವನ ವಾರ. ಕಾರಹುಣ್ಣಿಮೆ ಕಳೆದ ಮೇಲೆ ಐದು ಮಂಗಳವಾರ ಊರು ಕೆಲಸ ಬಿಡುತ್ತದೆ. ಎತ್ತಿಗೆ ನೊಗವಿಲ್ಲ, ಗಿರಣಿಗೆ ಕರೆಂಟಿಲ್ಲ, ತಕ್ಕಡಿ ಎತ್ತುವಂತಿಲ್ಲ. ಅಂಗಡಿಗಳು ಪಂಚಾಯ್ತಿಯವು, ಜಾಗ ಸರ್ಕಾರದ್ದು. ಆದರೂ ವಾರದ ದಿನ ಯಾರೂ ಶಟರು ಎತ್ತುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಇವತ್ತು ನಾಲ್ಕನೆಯದು.

ವಾರದ ದಿನವೂ ಬಾಗಿಲು ತೆರೆಯುವುದು ಎಂಟನೆಯ ನಂಬರೊಂದೇ. ಮೂರು ವರ್ಷದ ಕೆಳಗೆ ಎಂಟೂ ನಂಬರುಗಳ ಗುತ್ತಿಗೆಗೆ ಪಂಚಾಯ್ತಿಯವರು ದ್ಯಾಮವ್ವನ ಗುಡಿಯ ಮುಂದೆ ಚೀಟಿ ಎತ್ತಿದಾಗ ಪರಿಶಿಷ್ಟರಿಗೆ ಮೀಸಲಾಗಿ ಬಂದದ್ದು ಈ ಶೌಚಾಲಯ. "ತಾಯಿನ ಕೊಟ್ಲು ತಗೋಬೇ" ಎಂದು ನಾಲ್ಕು ಮಂದಿ ನಕ್ಕಿದ್ದರು. ಗಂಡ ಉದ್ದಪ್ಪ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ರಾಯವ್ವ ನಗದೆ ಸಹಿ ಮಾಡಿದ್ದಳು.

ಉದ್ದಪ್ಪ ಇದೇ ವಾರ ಮುರಿದವನು. ಮನೆಯಲ್ಲಿ ಹಿಟ್ಟಿಲ್ಲವೆಂದು ಒಂದು ಮಂಗಳವಾರ ಮೇಲವಂಕಿಗೆ ಕೂಲಿಗೆ ಹೋಗಿ ಬಂದಿದ್ದಕ್ಕೆ, ಗುಡಿಕಟ್ಟೆಯ ಕೆಳಗೆ ಚಪ್ಪಲಿಗಳನ್ನು ತಲೆಯ ಮೇಲೆ ಹೊರಿಸಿ ಸಂಜೆಯ ತನಕ ನಿಲ್ಲಿಸಿದ್ದರು. ಮರುದಿನ ಅವನು, ಊರಿಗೆ ವಾರ ಸಾರಲು ಬಡಿಯುತ್ತಿದ್ದ ತನ್ನ ಹಲಗೆಯನ್ನು ಒಲೆಗೆ ಹಾಕಿದ. ಅದೇ ವರ್ಷ ಮನೆಮಂದಿಯೆಲ್ಲ ಬೌದ್ಧರಾದರು.

ಈಗ ಅವನ ಮಗ ಶುಭಮ್ ಹತ್ತು ದಿನದ ಶ್ರಾಮಣೇರ, ಅಂದರೆ ಕಿರಿಯ ಭಿಕ್ಷು, ಆಗುವವನಿದ್ದ. ಆಷಾಢ ಹುಣ್ಣಿಮೆಯ ದಿನ ಮಮದಾಪುರದ ವಿಹಾರದ ಗುರು ಭಂತೇಜಿ ತಲೆ ಬೋಳಿಸಿ ಕಾವಿ ಬಟ್ಟೆಯ ಚೀವರ ತೊಡಿಸುತ್ತಾರೆ. ಆ ಹುಣ್ಣಿಮೆ ಈ ಸಲ ಐದನೆಯ ಮಂಗಳವಾರವೇ ಬಿದ್ದಿತ್ತು.

"ಯವ್ವಾ, ನೀ ಬರಾಕಬೇಕ. ಹಡದಾವ್ರು ಎಲ್ಲಾರ ಮುಂದ ಬಾಯಿಲೆ ಹೂಂ ಅನ್ನಲಿಲ್ಲಂದ್ರ ಭಂತೇಜಿ ಚೀವರ ಕೊಡಂಗಿಲ್ಲ. ಅಪ್ಪ ಅಂತೂ ಇಲ್ಲ" ಎಂದಿದ್ದ ಮಗ. ಅವನೇ ಒಂದು ದಿನದ ರಜೆಯ ಅರ್ಜಿಯನ್ನೂ ಬರೆದುಕೊಟ್ಟಿದ್ದ.

ನಾಲ್ಕನೆಯ ವಾರ ಕಳೆದ ಮರುದಿನ, ಬುಧವಾರ, ಆ ಅರ್ಜಿ ಹಿಡಿದು ರಾಯವ್ವ ಪಂಚಾಯ್ತಿಗೆ ಹೋದಳು. ಪಿಡಿಓ ವಿಠ್ಠಲ ಹೊಸಬ, ವಯಸ್ಸಿನಲ್ಲಿ ಸಣ್ಣವನು. ಎದುರಿನ ಕುರ್ಚಿಯಲ್ಲಿ ಗುರುಲಿಂಗಪ್ಪ ಕುಳಿತಿದ್ದ. ಹೋಟೆಲೂ ಅವನದು, ಪಂಚಾಯ್ತಿ ಮೆಂಬರನೂ ಅವನೇ. ರಾಯವ್ವ ಹೊಸ್ತಿಲ ಆಚೆ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ.

ಜವಾನ ಅರ್ಜಿ ಇಸಿದುಕೊಂಡು ಮೇಜಿನ ಮೇಲಿಟ್ಟ. ಪಿಡಿಓ ಅದನ್ನು ನೋಡಿ, ಫೈಲು ತೆಗೆದು ಓದಿದ. "ಕರಾರಿನ ಆರನೇ ಕಲಮು. ಸಾರ್ವಜನಿಕ ಸ್ವತ್ತಾದ್ದರಿಂದ ವರ್ಷದ ಎಲ್ಲ ದಿನಗಳಲ್ಲೂ ಬಾಗಿಲು ತೆರೆದಿಡತಕ್ಕದ್ದು. ರಜಾ ಕೊಡಾಕ ಬರಂಗಿಲ್ಲಬೇ."

"ಈ ಕಲಮು ಎಂಟೂ ನಂಬರಿಗೆ ಐತೇನ್ರಿ, ನನ್ನ ನಂಬರಿಗಷ್ಟ ಐತೇನ್ರಿ?"

"ಎಲ್ಲಾರಿಗೂ ಒಂದ..." ಎಂದವನು ಗುರುಲಿಂಗಪ್ಪನ ಮುಖ ನೋಡಿ ಫೈಲಿಗೆ ಕಣ್ಣು ಇಳಿಸಿದ.

ಗುರುಲಿಂಗಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದ. "ಅದು ಊರ ಪದ್ಧತಿ. ಅಜ್ಜ ಮುತ್ಯಾರಿಂದ ಬಂದೈತಿ. ನಿಂದ್ಯಾವ ಪದ್ಧತೀಬೇ? ದೇವ್ರ ಇಲ್ಲ ಅಂತೀರಿ, ಗುಡಿಗೆ ಕೈ ಮುಗಿಯಂಗಿಲ್ಲ. ದೇವ್ರ ಇಲ್ಲದಾವ್ರಿಗೆ ವಾರ ಎಲ್ಲಿಂದ ಹುಟ್ಟತು?"

"ದೇವ್ರ ಸಲುವಾಗಿ ಅಲ್ರಿ ಸಾವಕಾರ್ರ, ನನ್ನ ಮಗನ ಸಲುವಾಗಿ. ಒಂದ ದಿನ."

"ದುಡಕೊಂಡ ತಿನ್ನಬೇ. ಕಾಯಕವೇ ಕೈಲಾಸ ಅಂದಾರ."

"ಹೌದ್ರಿ. ಮತ್ತ ಮಂಗಳವಾರ ನಿಮ್ಮ ಕೈಲಾಸಕ್ಕ ಶಟರ್ ಯಾಕ ಎಳೀತೀರಿ?"

ಮೂಲೆಯಲ್ಲಿದ್ದ ಜವಾನ ಕೆಮ್ಮಿದಂತೆ ಮಾಡಿ ನಗೆ ನುಂಗಿದ. ಗುರುಲಿಂಗಪ್ಪ ಕಿಟಕಿಗೆ ಹೋಗಿ ಉಗಿದು ಬಂದ.

"ನಾಲಿಗಿ ಬಾಳ ಉದ್ದಾಗೇತಿ. ಐದನೇ ವಾರ ಅಂದ್ರ ಹತ್ತೂರ ಮಂದಿ ತಾಯಿಗೆ ಉಡಿ ತುಂಬಾಕ ಬರತಾರ. ಅವತ್ತ ಸಂಡಾಸ ಮುಚ್ಚಿದ್ರ ಮರುದಿನಾನ ನಿನ್ನ ಟೆಂಡರ ರದ್ದ. ತಿಳೀತಿಲ್ಲೊ?"

ಪಿಡಿಓ ಮೆತ್ತಗಾದ. "ಒಂದ ದಿನದ ಮಟ್ಟಿಗೆ ಬದಲಿ ಯಾರನರ ನಿಂದ್ರಸಿ ಹೋಗಬೇ."

"ಯಾರನ್ನ ನಿಂದ್ರಸ್ಲಿ ಸಾಹೇಬ್ರ? ನಮ್ಮ ಓಣಿ ಮಂದಿಯೆಲ್ಲಾ ವಿಹಾರಕ್ಕ ಹೊಂಟಾರ. ಸಾವಕಾರ್ರ ಹೊಟೆಲದಾಗ ಆರ ಆಳ ಅದಾರು, ಮಂಗಳವಾರ ಕೆಲಸಿಲ್ಲ ಬೊಗಸಿಲ್ಲ. ಅವರಾಗ ಒಬ್ಬನ್ನ ಕಳಸ್ರಿ. ಅವತ್ತಿನ ಗಲ್ಲಾ ಅವನ ಒಯ್ಯಲಿ."

"ಏನಂದೀ? ನಮ್ಮ ಮಂದಿ ನಿನ್ನ ಕಸಬರಗಿ ಹಿಡೀತಾರೇನ ಹಡಬಿಟ್ಟಿ? ನಡಿ ಕೆಳಗ! ಇಂಥಾವ್ರನ್ನ ಕಟ್ಟೀ ಏರಸಿದ್ದ ತಪ್ಪಾತು."

ಗುರುಲಿಂಗಪ್ಪ ಎಸೆದ ಅರ್ಜಿ ಮೇಜಿನಿಂದ ಹಾರಿ ಹೊಸ್ತಿಲ ಆಚೆ ಅವಳ ಕಾಲ ಬಳಿ ಬಿತ್ತು. ರಾಯವ್ವ ಅದನ್ನು ಎತ್ತಿ, ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಬಂದಳು.

ಬೀಗ ಹಾಕಿ ಹೋಗಿಬಿಡುವುದು, ಆದದ್ದಾಗಲಿ ಎಂದು ಅವಳು ಎರಡು ದಿನ ಗಟ್ಟಿ ಮಾಡಿಕೊಂಡಿದ್ದಳು. ಆ ಗಟ್ಟಿತನ ಸಡಿಲಾದದ್ದು ದುಂಡವ್ವನ ಮಾತಿನಿಂದ. ದುಂಡವ್ವ ನಿಲ್ದಾಣದ ಬಾಯಲ್ಲಿ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುವವಳು.

"ಮುಚ್ಚಬೇ, ನನಗೇನು" ಎಂದಳು ಬುಟ್ಟಿಯ ಮೇಲಿನ ನೊಣ ಹೊಡೆಯುತ್ತ. "ಗಂಡಸರೇನು, ಗ್ವಾಡಿ ಕಂಡಲ್ಲೆ ನಿಂತ ಬಿಡತಾರ, ಹಾಟ್ಯಾರು. ಬಸರ ಹೆಂಗಸರು ಬರತಾರ, ಮುದಕ್ಯಾರ ಬರತಾರ, ತಿಂಗಳ ಬಾಧಿ ಇದ್ದಾವ್ರು ಬರತಾರ. ಅವರೆಲ್ಲಿ ಕುಂದರ್ಬೇಕು? ಗುರುಲಿಂಗಪ್ಪನ ತೊಡಿ ಮ್ಯಾಲೆ ಕುಂದರ್ಬೇಕೇನು?"

ರಾಯವ್ವನಿಗೆ ನಗು ಬಂತು. ಆದರೆ ಆಮೇಲೆ ಹೆಂಗಸರ ಕಡೆಯ ಮೂರು ಕೋಣೆ ತೊಳೆಯುವಾಗ ಆ ಮಾತು ಕೈಗೆ ಅಡ್ಡ ಬರುತ್ತಲೇ ಇತ್ತು. ಸಂಡಾಸಿಲ್ಲದ ಕಾಲದಲ್ಲಿ, ಶುಭಮ್ ಹೊಟ್ಟೆಯಲ್ಲಿದ್ದಾಗ, ತಾನು ಇದೇ ಕಬ್ಬಿನೊಳಗೆ ಕುಳಿತದ್ದು ಅವಳಿಗೆ ನೆನಪಾಯಿತು. ಟ್ರ್ಯಾಕ್ಟರಿನ ಬೆಳಕು ಬಿದ್ದಾಗಲೆಲ್ಲ ಎದ್ದು ನಿಲ್ಲಬೇಕಾಗುತ್ತಿತ್ತು.

ಐದನೆಯ ಮಂಗಳವಾರ ಅವಳು ಕೋಳಿ ಕೂಗುವ ಮೊದಲೇ ಬಂದಳು. ಆರೂ ಕೋಣೆ ತಿಕ್ಕಿ ತೊಳೆದಳು. ಬ್ಯಾರಲ್ಲುಗಳನ್ನು ಕಂಠಮಟ್ಟ ತುಂಬಿದಳು. ಗಂಡಸರ, ಹೆಂಗಸರ ಎರಡೂ ಕಡೆಯ ಹೊರಬಾಗಿಲುಗಳನ್ನು ಅಗಲಕ್ಕೆ ತೆರೆದು, ಗಾಳಿಗೆ ಹಾಕಿಕೊಳ್ಳದಂತೆ ಒಂದೊಂದಕ್ಕೂ ಇಟ್ಟಂಗಿ ಕೊಟ್ಟಳು. ಕಸಬರಿಗೆ, ಬ್ರಶ್ಶು, ಫಿನೈಲಿನ ಡಬ್ಬಿಗಳನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಬಿಳಿ ಸೀರೆ ಉಟ್ಟು ಮಮದಾಪುರದ ಟೆಂಪೋ ಹತ್ತಿದಳು.

ವಿಹಾರದಲ್ಲಿ ಮಗನ ಕೂದಲು ಒದ್ದೆ ನೆಲದ ಮೇಲೆ ಬಿತ್ತು. ಭಂತೇಜಿ ಸಭೆಯ ಮುಂದೆ, "ತಾಯಿಯ ಒಪ್ಪಿಗೆ ಇದೆಯೇ?" ಎಂದು ಕೇಳಿದರು.

"ಐತ್ರಿ!" ಎಂದಳು ರಾಯವ್ವ. ಹಿಂದಿನ ಸಾಲಿನ ಕೂಸೊಂದು ಬೆಚ್ಚಿ ಅಳುವಷ್ಟು ಜೋರಾಗಿ ಬಂದಿತ್ತು ಆ ಮಾತು. ಚೀವರ ಕೊಡುವಾಗ ತನ್ನ ಕೈಯಿಂದ ಫಿನೈಲಿನ ವಾಸನೆ ಬರುತ್ತಿರುವುದು ಅವಳಿಗೆ ತಿಳಿಯಿತು. ಶುಭಮ್ ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡ.

ಬುಧವಾರ ಬೆಳಿಗ್ಗೆ ಟೆಂಪೋ ಇಳಿಯುತ್ತಿದ್ದಂತೆಯೇ ನಾತ ಹೊಡೆಯಿತು. ಹತ್ತೂರ ಮಂದಿ ಬಂದು ಹೋಗಿದ್ದರು. ಬ್ಯಾರಲ್ಲುಗಳು ತಳ ಕಂಡಿದ್ದವು. ಕಟ್ಟೆಯಿಂದ ಇಳಿದ ಹೊಲಸು ಮಳೆಯ ನೀರಿನೊಂದಿಗೆ ಹರಿದು ಹೋಟೆಲಿನ ಮೆಟ್ಟಿಲ ತನಕ ಬಂದಿತ್ತು. ಕಸಬರಿಗೆ, ಬ್ರಶ್ಶು, ಫಿನೈಲು ಇಟ್ಟಲ್ಲೇ ಇದ್ದವು. ಶಟರುಗಳು ಎದ್ದಿದ್ದರೂ ಒಬ್ಬ ಗಿರಾಕಿಯೂ ಒಳಗಿರಲಿಲ್ಲ. ಗುರುಲಿಂಗಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಪಕ್ಕದಲ್ಲಿ ಪಿಡಿಓ, ಕಂಕುಳಲ್ಲಿ ಫೈಲು.

"ಬಂದ್ಲು ನೋಡ್ರಿ ಮಹಾರಾಣಿ! ತಾಯಿ ವಾರ ಹೊಲಸ ಮಾಡಿದ್ಯಲ್ಲಬೇ ರಂಡಿ!"

"ನಾ ಇರಲಿಲ್ರಿ ನಿನ್ನಿ. ಮಾಡಿದಾವ್ರು ಯಾರೋ."

"ಕರಾರ ಮುರದೀಬೇ" ಎಂದ ಪಿಡಿಓ.

"ಎಲ್ಲಿ ಮುರದೇನ್ರಿ? ಬಾಗ್ಲಾ ತಗದ ಇಡು ಅಂತ ಬರದೀರಿ. ಇಟ್ಟಂಗಿ ಕೊಟ್ಟ ಹೋಗೇನಿ, ಇನ್ನೂ ಹಂಗ ಅದಾವ ನೋಡ್ರಿ."

"ಸ್ವಚ್ಛ ಇಡಬೇಕಂತಾನೂ ಐತಿ."

"ಇಡತೇನ್ರಿ. ನನ್ನ ವಾರ ಮುಗೀಲಿ."

"ನಿನ್ನಿಗೆ ಮುಗೀತಲ್ಲ?"

"ಊರಿಗೆ ಐದ ವಾರ ಸಿಕ್ಕಾವು. ನಾ ತಗೊಂಡದ್ದ ಒಂದ. ನಾಕ ಬಾಕಿ ಅದಾವು."

"ಟೆಂಡರ ರದ್ದ ಮಾಡ್ರಿ ಸಾಹೇಬ್ರ!" ಗುರುಲಿಂಗಪ್ಪ ಟವೆಲು ತೆಗೆದು ಕೂಗಿ, ಮತ್ತೆ ಮೂಗಿಗೆ ಒತ್ತಿಕೊಂಡ. "ಈಗಿಂದೀಗ!"

"ಮಾಡ್ರಿ" ಎಂದಳು ರಾಯವ್ವ. "ನಾಳಿಂದ ಯಾರ ತೊಳೀತಾರೋ, ಅವರ ಹೆಸ್ರ ಬರೀರಿ ನನ್ನ ಹೆಸರಿನ ಜಾಗಾದಾಗ. ಬರೀರಿ, ನಾ ಇಲ್ಲೇ ನಿಂತಿರತೇನಿ."

ಪಿಡಿಓ ಪೆನ್ನು ತೆಗೆದ. ಏಳು ಅಂಗಡಿಯವರ ಕಡೆ ನೋಡಿದ. ಒಬ್ಬ ತಕ್ಕಡಿ ಒರೆಸತೊಡಗಿದ, ಇನ್ನೊಬ್ಬ ಒಳಗೆ ಹೋದ. ಪೆನ್ನಿನ ಮುಚ್ಚಳ ಬಿಚ್ಚಿಯೇ ಇತ್ತು.

ಅಷ್ಟರಲ್ಲಿ ಹುಕ್ಕೇರಿಯ ಬಸ್ಸು ಬಂದು ನಿಂತಿತು. ಕೋಲೂರಿಕೊಂಡು ಇಳಿದ ಮುದುಕಿಯೊಬ್ಬಳು ಹೊಲಸಿನ ಕಟ್ಟೆ ನೋಡಿ ನಿಂತಲ್ಲೇ ಕಾಲು ಹೊಸೆದಳು. ಮೂಗು ಮುಚ್ಚಿದ ಗಂಡಸರ ಗುಂಪನ್ನು ದಾಟಿ ಅವಳು ರಾಯವ್ವನ ಬಳಿಗೇ ಬಂದಳು.

"ಯವ್ವಾ, ತಡಿಯಾಕ ಆಗವಲ್ತು. ಎಲ್ಲಿ ಹೋಗ್ಲಿ?"

ರಾಯವ್ವ ಕಟ್ಟೆಯ ಮೇಲಿನ ಕಸಬರಿಗೆಯ ಕಡೆ ನೋಡಿದಳು. ಅವಳ ಬಲಗೈ ಸೀರೆಯ ನೆರಿಗೆ ಎತ್ತಿ ಕಟ್ಟಲು ತಾನಾಗಿಯೇ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಅವಳು ಮುದುಕಿಯ ರಟ್ಟೆ ಹಿಡಿದು, ಗೋಡೆಯ ಹಿಂದೆ, ಕಬ್ಬಿನ ಮೊದಲ ಸಾಲಿನ ಒಳಕ್ಕೆ ಕರೆದುಕೊಂಡು ಹೋದಳು.

"ಕುಂದ್ರಬೇ ಆಯಿ. ಹೆದರಬ್ಯಾಡ."

ಬಿಳಿ ಸೀರೆಯ ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಹಿಡಿದು, ನಿಲ್ದಾಣಕ್ಕೆ ಬೆನ್ನು ಮಾಡಿ ಅವಳು ಅಡ್ಡ ನಿಂತಳು. ಹಿಂದಿನಿಂದ ಗುರುಲಿಂಗಪ್ಪ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಬಸ್ಸಿನಿಂದ ಇನ್ನೂ ಇಬ್ಬರು ಹೆಂಗಸರು ಇಳಿದು ಇತ್ತಲೇ ಬರುತ್ತಿದ್ದರು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ರಾಯವ್ವ ಕೈ ಇಳಿಸಲಿಲ್ಲ.