ಶಾಲೆಯ ಜಾಗದ ಬಿರುಕು

ಬೂದಿಯ ಗೆರೆ ಇಲ್ಲಿ ಕಡಿದಿದೆ, ಎರಡು ಮೊಳ ಕೆಳಗೆ ಮತ್ತೆ ಶುರುವಾಗಿದೆ, ಬೆಳಗಿನ ಓರೆ ಬಿಸಿಲಿನಲ್ಲಿ ಎಷ್ಟು ಸ್ಪಷ್ಟ — ಕಂದಕದ ಗೋಡೆಯನ್ನು ಕರಣೆಯಿಂದ ಇನ್ನೊಂದು ಸಲ ಕೆರೆಯುತ್ತೇನೆ, ಮೇಲೆ ಕಪ್ಪು ಮಣ್ಣು, ನಡುವೆ ಜ್ವಾಲಾಮುಖಿ ಉಗುಳಿದ ಬಿಳಿ ಬೂದಿ, ಅಡಿಯಲ್ಲಿ ಕೆಂಪು ಜೇಡಿ, ಕಪ್ಪು ಮಣ್ಣು ಕುಸಿದದ್ದು ಒಂದು ಮೊಳ, ಬೂದಿ ಎರಡು, ಜೇಡಿ ಮೂರು, ಅಂದರೆ ಭೂಮಿ ಮೂರು ಸಲ ನಡುಗಿದೆ, ಮೂರು ಸಲವೂ ಇದೇ ಗೆರೆಯಲ್ಲಿ ಸೀಳಿದೆ. ಶಾಲೆ ಕಟ್ಟಲು ಬಂದ ಇಂಜಿನಿಯರ್ ಉಬಾಲ್ದೊ ನಿನ್ನೆ ಊರಿನ ಸಭೆಯಲ್ಲಿ, ಇದು ಸತ್ತ ಬಿರುಕು ಕಣ್ರಪ್ಪಾ, ಜ್ವಾಲಾಮುಖಿ ಆರಿದಾಗ್ಲೇ ಇದೂ ಸತ್ತೋಯ್ತು ಎಂದ, ಜನ ತಲೆಯಾಡಿಸಿದರು, ಯಾರೋ ನನ್ನನ್ನು ಗುಂಡಿ ತೋಡೋ ಹೆಂಗಸು ಎಂದು ನಕ್ಕರು, ಸೋಮವಾರ ಪಾಯ ಎಂದು ತೀರ್ಮಾನವೂ ಆಯಿತು. ನಗಲಿ. ಪಾಚೂಕಾ ಪಟ್ಟಣದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಅಪ್ಪ ಗೋಡೆಯ ಬಿರುಕಿಗೆ ಉಗುರು ತೂರಿಸಿ, ನಿಯೆವೆಸ್ ಮಗಳೇ, ಇದು ಸುಣ್ಣದ್ದಲ್ಲ, ಪಾಯದ್ದು ಎನ್ನುತ್ತಿದ್ದ, ಒಮ್ಮೆಯೂ ತಪ್ಪಲಿಲ್ಲ, ನಾನೂ ತಪ್ಪಿಲ್ಲ, ಹಳೆಯ ಭೂಕಂಪಗಳ ಗುರುತು ಹುಡುಕುತ್ತ ಇಪ್ಪತ್ತೆರಡು ವರ್ಷ, ಹದಿನೇಳು ಕಂದಕ, ಮಣ್ಣು ಓದಲು ನನಗೆ ಬರುತ್ತದೆ — ಏಣಿ ಕಿರುಗುಟ್ಟುತ್ತಿದೆ, ಯಾರು, ದೋನ್ಯಾ ಕಾಸಿಲ್ದಾ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಶಾಲಾ ಸಮಿತಿಯ ಮುಖ್ಯಸ್ಥೆ, ಎಪ್ಪತ್ತು ದಾಟಿದ ಮೇಲೂ ಏಣಿ ಇಳಿಯುತ್ತಿದ್ದಾಳೆ, ಕೈ ಚಾಚಿದರೆ, ಬಿಡು, ನಿನಗಿಂತ ಗಟ್ಟಿ ಇದ್ದೀನಿ ಎನ್ನುತ್ತಾಳೆ. ಮಕ್ಕಳು ಹಳ್ಳ ದಾಟಿ ಓದಲು ಹೋಗುವಂತಾಗಬಾರದೆಂದು ಹನ್ನೊಂದು ವರ್ಷ ಕಚೇರಿ ಅಲೆದವಳು, ಈ ಹೊಲ ಬಿಟ್ಟುಕೊಟ್ಟವಳೂ ಅವಳೇ, ಅವಳ ಶಾಲೆಯನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ, ಗೊತ್ತು, ಆದರೂ ಗೋಡೆ ತೋರಿಸುತ್ತೇನೆ, ಅವಳು ಒಂದು ಅಂಗೈಯನ್ನು ಮೇಲಿನ ಬೂದಿಗೆ, ಇನ್ನೊಂದನ್ನು ಕುಸಿದ ಬೂದಿಗೆ ಒತ್ತಿ ನೋಡುತ್ತಾಳೆ. ಭೂಕಂಪ ಮತ್ತೆ ಯಾವಾಗ ಬರುತ್ತೆ ಮಗಳೇ, ಎನ್ನುತ್ತಾಳೆ. ಯಾವಾಗ ಅಂತ ಹೇಳಕ್ಕಾಗಲ್ಲ ದೋನ್ಯಾ, ಎಲ್ಲಿ ಅಂತ ಹೇಳಬಲ್ಲೆ, ನೀವು ನಿಂತಿರೋ ಕಡೆ. ಅವಳು ಪಾದ ನೋಡಿಕೊಂಡಳು, ಆಮೇಲೆ ಬಗ್ಗಿದಳು, ಕೊನೆಯ ಕಂಪನದಲ್ಲಿ ಜರಿದ ಮಣ್ಣು ಹಳೆಯ ನೆಲವನ್ನು ಮುಚ್ಚಿದೆಯಲ್ಲ, ಅದರಡಿ ನಾನು ಕಲ್ಲು ಎಂದು ಚೀಟಿ ಚುಚ್ಚಿದ ಜಾಗದಿಂದ ಒಂದು ಚೂರನ್ನು ಉಗುರಿನಿಂದಲೇ ಬಿಡಿಸಿದಳು. ಇದನ್ನ್ಯಾರು ಕಲ್ಲು ಅಂದಿದ್ದು, ಮಣ್ಣಿನ ಕಾವಲಿ ಇದು, ಅಂಚು ನೋಡು, ದಿನಾ ರೊಟ್ಟಿ ಬೇಯಿಸೋರಿಗೆ ಗೊತ್ತಾಗುತ್ತೆ. ಕಿವಿ ಬಿಸಿಯಾಯಿತು, ಮಣ್ಣು ಓದಲು ಬರುತ್ತದೆಯಂತೆ ನನಗೆ, ಆದರೆ ಅವಳ ದನಿಯಲ್ಲಿ ಗೇಲಿಯಿಲ್ಲ, ಹಾಗಾದ್ರೆ ಭೂಮಿ ನಡುಗಿದ ದಿನ ಇಲ್ಲೊಬ್ಬಳು ಅಡುಗೆ ಮಾಡ್ತಿದ್ದಳು, ಅಲ್ವಾ. ಹೌದು ಎಂದೆ, ಬೇರೇನೂ ಹೇಳಬೇಕಾಗಲಿಲ್ಲ, ಚೂರನ್ನು ನನ್ನ ಕೈಗಿಟ್ಟು ಏಣಿ ಹತ್ತಿದಳು, ಈಗ ಮೇಲೆ ಅವಳ ದನಿ — ಪಾಯಕ್ಕೆ ನೆಟ್ಟ ಗೂಟ ಕೀಳಿಸು, ಶಾಲೆ ಚರ್ಚಿನ ಹಿಂದಿನ ದಿಬ್ಬದ ಮೇಲೆ, ಮಕ್ಕಳು ಇನ್ನೊಂದು ವರ್ಷ ಹಳ್ಳ ದಾಟಲಿ, ಉಬಾಲ್ದೊ ಏನೋ ಗೊಣಗುತ್ತಾನೆ, ನೀನೇ ಇಳಿದು ನೋಡಪ್ಪ, ನಾನು ನೋಡಿ ಬಂದೆ — ಗೂಟಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು, ನಾನು ಚೀಟಿಯಲ್ಲಿ ಕಲ್ಲು ಎಂಬುದನ್ನು ಹೊಡೆದುಹಾಕಿ ಕಾವಲಿ ಎಂದು ಬರೆಯಬೇಕು, ಆಳ ಅಳೆಯಬೇಕು, ಪೆನ್ಸಿಲ್ ಎಲ್ಲಿ, ಚೂರನ್ನು ಮಗುಚಿದರೆ ತಳದಲ್ಲಿ ಮಸಿ, ಆ ದಿನದ ಒಲೆಯ ಮಸಿ, ಇನ್ನೂ ಕೈಗೆ ಹತ್ತುತ್ತದೆ, ಮಸಿಯ ಮೇಲೆ ಕಾಸಿಲ್ದಾಳ ಹೆಬ್ಬೆರಳಿನ ಗುರುತು, ಹಸಿಯಾಗಿ, ಅವಳ ಒಲೆಯ ಮಸಿ, ಇವಳ ಹೆಬ್ಬೆರಳು —